ಕೋಳಿ ಗೊಬ್ಬರ ಹಾಕಿದ್ದೀರಾ? ಡಿಎಪಿ ಲೆಕ್ಕ ಮತ್ತೆ ಹಾಕಿ

ಎಕರೆಗೆ ಗೊಬ್ಬರ ಎಷ್ಟು ಹಾಕಿದಿರಿ ಅಂತ ಯಾರನ್ನಾದರೂ ಕೇಳಿ. "ಎರಡು ಲೋಡು" ಅಂತ ಥಟ್ಟನೆ ಉತ್ತರ ಬರುತ್ತದೆ. ಡಿಎಪಿ? "ಒಂದೂವರೆ ಚೀಲ." ಗೊಬ್ಬರ ಎರಡು ಲೋಡಾದರೂ ನಾಲ್ಕಾದರೂ, ದನದ್ದಾದರೂ ಕೋಳಿಯದ್ದಾದರೂ, ಡಿಎಪಿ ಮಾತ್ರ ಅದೇ ಒಂದೂವರೆ ಚೀಲ. ತಿಪ್ಪೆ ಗೊಬ್ಬರ ಮಣ್ಣಿಗೆ, ಚೀಲದ ಗೊಬ್ಬರ ಬೆಳೆಗೆ ಅಂತ ನಮ್ಮ ತಲೆಯಲ್ಲಿ ಎರಡು ಬೇರೆ ಖಾತೆಗಳು ಕೂತುಬಿಟ್ಟಿವೆ.

ಡಿಎಪಿ ಚೀಲದಲ್ಲಿ ಮುಖ್ಯವಾಗಿ ಇರುವುದು ರಂಜಕ, ಅಂದರೆ ಫಾಸ್ಫರಸ್. ಆ ರಂಜಕದ ಮಟ್ಟಿಗೆ ಈ ಎರಡೂ ಖಾತೆಗಳನ್ನು ಕೂಡಿಸಲೇಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ. ಮಣ್ಣು ಪರೀಕ್ಷೆಯ ಚೀಟಿ, ಒಂದು ತಕ್ಕಡಿ, ಒಂದು ಪೆನ್ನು ಇದ್ದರೆ ಸಾಕು.

ರಂಜಕ ಎಲ್ಲಿಗೂ ಹೋಗುವುದಿಲ್ಲ, ಅಡಗಿಕೊಳ್ಳುತ್ತದೆ

ಸಾರಜನಕ ಗಾಳಿಗೆ ಹೋಗುತ್ತದೆ, ಮಳೆನೀರಿನ ಜತೆ ಕೆಳಗೂ ಇಳಿದು ಹೋಗುತ್ತದೆ. ರಂಜಕ ಹಾಗಲ್ಲ. ಅದು ಆವಿಯಾಗುವುದಿಲ್ಲ. ಮಣ್ಣಿನೊಳಗೆ ತಾನಾಗಿ ಸರಿಯುವುದೂ ಕೆಲವೇ ಮಿಲಿಮೀಟರ್. ಬೆಳೆ ಎತ್ತಿಕೊಳ್ಳದೆ ಬಿಟ್ಟಿದ್ದು ಹೆಚ್ಚುಕಡಿಮೆ ಹಾಕಿದಲ್ಲೇ ಉಳಿಯುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಒಂದು ಹೊಲದ ಕೆಲವು ತಾಕುಗಳಿಗೆ 1901ರವರೆಗೆ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿದರು. ಆ ಗೊಬ್ಬರದ ರಂಜಕದ ಫಲ ಎಷ್ಟೋ ದಶಕಗಳ ನಂತರದ ಬೆಳೆಗಳಲ್ಲೂ ಕಾಣುತ್ತಿತ್ತು.

ಆದರೆ ಮಣ್ಣಿನಲ್ಲಿ ಇದೆ ಅಂದಮಾತ್ರಕ್ಕೆ ಬೇರಿಗೆ ಸಿಗುತ್ತದೆ ಅಂತಲ್ಲ. ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಆ ಕೆಲಸವನ್ನು ಸುಣ್ಣ ಮಾಡುತ್ತದೆ. ಮಣ್ಣು ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ ಅಂಕಿ 6ರಿಂದ 7.5ರ ನಡುವೆ ಇದ್ದರೆ ಈ ಹಿಡಿತ ಸ್ವಲ್ಪ ಸಡಿಲ. ಚೀಲದಲ್ಲಿ ಹಾಕಿದ ರಂಜಕದಲ್ಲಿ ಮೊದಲ ಬೆಳೆ ಬಳಸಿಕೊಳ್ಳುವುದು ಸಾಮಾನ್ಯವಾಗಿ ಐದನೇ ಒಂದು ಪಾಲಿನ ಆಸುಪಾಸು. ಮಿಕ್ಕಿದ್ದು ಈ ಹಿಡಿತಕ್ಕೆ ಸಿಕ್ಕಿಕೊಳ್ಳುತ್ತದೆ.

ಪ್ರಾಣಿ ಗೊಬ್ಬರದ ಹೆಚ್ಚುಗಾರಿಕೆ ಇರುವುದು ಇಲ್ಲೇ. ಅದು ತನ್ನ ರಂಜಕವನ್ನು ತರುವುದು ಒಂದು. ಕೊಳೆಯುವಾಗ ಹುಟ್ಟುವ ಸಾವಯವ ಆಮ್ಲಗಳು ಕಬ್ಬಿಣ, ಅಲ್ಯೂಮಿನಿಯಂ ಮೇಲೆ ರಂಜಕ ಕೂರುವ ಜಾಗಗಳನ್ನು ತಾವೇ ಹಿಡಿದುಕೊಳ್ಳುವುದು ಇನ್ನೊಂದು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಸೀಟು ಸಿಗದ ರಂಜಕ ಮಣ್ಣಿನ ನೀರಿನಲ್ಲೇ ನಿಂತಿರುತ್ತದೆ, ಬೇರಿಗೆ ಸಿಗುತ್ತದೆ. ಎರೆಮಣ್ಣಿನಲ್ಲೂ ರಂಜಕ ಸುಣ್ಣದ ಜತೆ ಸೇರಿ ಗಟ್ಟಿ ಹರಳಾಗುವುದನ್ನು ಇದೇ ಆಮ್ಲಗಳು ನಿಧಾನ ಮಾಡುತ್ತವೆ. ಹಾಗಾಗಿ ಡಿಎಪಿಯನ್ನು ಬರೀ ಮಣ್ಣಿಗೆ ಎರಚುವುದಕ್ಕಿಂತ ಗೊಬ್ಬರ ಬಿದ್ದ ಸಾಲಿಗೆ ಹಾಕುವುದು ಯಾವಾಗಲೂ ಮೇಲು.

ಮೊದಲ ಕೆಲಸ: ಮಣ್ಣು ಪರೀಕ್ಷೆ

ಗೊಬ್ಬರ ಹರಡುವ ಮೊದಲೇ ಮಣ್ಣು ತೆಗೆಯಿರಿ. ಹರಡಿದ ಮೇಲೆ ತೆಗೆದರೆ ಒಂದು ಹೆಂಟೆ ಗೊಬ್ಬರ ಸೇರಿಕೊಂಡರೂ ಅಂಕಿ ಕೆಡುತ್ತದೆ. ಬದು, ಮರದ ನೆರಳು, ಹಳೇ ತಿಪ್ಪೆ ಇದ್ದ ಜಾಗ ಬಿಟ್ಟು, ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ ಎಂಟ್ಹತ್ತು ಕಡೆ 'ವಿ' ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ಗುಂಡಿ ತೋಡಿ. ಗುಂಡಿಯ ಒಂದು ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆತ್ತಿ ತೆಗೆಯಿರಿ. ಎಲ್ಲ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ರೈತ ಸಂಪರ್ಕ ಕೇಂದ್ರಕ್ಕೋ ಹತ್ತಿರದ ಪ್ರಯೋಗಾಲಯಕ್ಕೋ ಕೊಡಿ. ಗೊಬ್ಬರದ ಚೀಲದಲ್ಲಿ ಮಾತ್ರ ತುಂಬಿ ಕಳಿಸಬೇಡಿ. ಈ ತಪ್ಪು ತುಂಬಾ ಜನ ಮಾಡುತ್ತಾರೆ.

ವರದಿ ಬಂದ ಮೇಲೆ ರಂಜಕದ ಸಾಲನ್ನು ನಿಧಾನವಾಗಿ ಓದಿ. ಕೆಲವು ಕಡೆ ಬರೀ ರಂಜಕ, ಅಂದರೆ 'ಪಿ', ಲೆಕ್ಕದಲ್ಲಿ ಕೊಡುತ್ತಾರೆ. ಕೆಲವು ಕಡೆ 'ಪಿ2ಓ5', ಅಂದರೆ ಆಮ್ಲಜನಕ ಸೇರಿದ ರಂಜಕದ ಲೆಕ್ಕ. ಮೊದಲನೆಯದನ್ನು 2.29ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ. ಚೀಲದ ಮೇಲೆ ಇರುವುದು ಎರಡನೆಯ ಲೆಕ್ಕ, ಈ ಲೇಖನದಲ್ಲಿ ಇನ್ನು ಮುಂದೆ ರಂಜಕ ಅಂದರೂ ಅದೇ. ಹೆಕ್ಟೇರಿಗೆ ಸುಮಾರು 23 ಕೆಜಿಗಿಂತ ಕಡಿಮೆ ಇದ್ದರೆ ಕೊರತೆ, 57ರವರೆಗೆ ಮಧ್ಯಮ, ಅದರ ಮೇಲೆ ಜಾಸ್ತಿ.

ಇನ್ನೊಂದು ಮಾತು. ಹುಳಿ ಮಣ್ಣಿಗೆ ಬ್ರೇ ವಿಧಾನ, ಉಳಿದ ಮಣ್ಣಿಗೆ ಓಲ್ಸನ್ ವಿಧಾನ ಬಳಸುತ್ತಾರೆ. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಮೂರು ವರ್ಷದ ಹಿಂದಿನ ವರದಿ ಜತೆ ಹೋಲಿಸುವಾಗ ವಿಧಾನ ಒಂದೇನಾ ಅಂತ ನೋಡಿಕೊಳ್ಳಿ.

ಯಾವ ಗೊಬ್ಬರದಲ್ಲಿ ಎಷ್ಟು?

ದನದ ಹೊಟ್ಟೆಯಿಂದ ಬರುವ ರಂಜಕವೆಲ್ಲ ಹೆಚ್ಚುಕಡಿಮೆ ಸಗಣಿಯಲ್ಲೇ ಇರುತ್ತದೆ. ಗಂಜಲದಲ್ಲಿ ಸಾರಜನಕ, ಪೊಟ್ಯಾಶ್ ಧಾರಾಳ, ರಂಜಕ ನಾಮಮಾತ್ರ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ರಂಜಕ ಶೇ 0.2ರಷ್ಟು. ಒಂದು ಟನ್ನಿಗೆ ಬರೀ 2 ಕೆಜಿ. ಕುರಿ, ಮೇಕೆ ಹಿಕ್ಕೆಯಲ್ಲಿ ಶೇ 1ರಷ್ಟು, ಟನ್ನಿಗೆ 10 ಕೆಜಿ. ಒಣಗಿದ ಕೋಳಿ ಗೊಬ್ಬರದಲ್ಲಿ ಶೇ 2.6ರ ಆಸುಪಾಸು, ಟನ್ನಿಗೆ 26 ಕೆಜಿ. 50 ಕೆಜಿಯ ಒಂದು ಚೀಲ ಡಿಎಪಿಯಲ್ಲಿ ಇರುವುದು 23 ಕೆಜಿ. ಈ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಒಂದು ಟನ್ ಒಣ ಕೋಳಿ ಗೊಬ್ಬರ ತಂದರೆ ಒಂದು ಚೀಲ ಡಿಎಪಿಗಿಂತ ಜಾಸ್ತಿ ರಂಜಕ ಹೊಲಕ್ಕೆ ಬಂದಂತೆ.

ಕೋಳಿಯದರಲ್ಲಿ ಯಾಕೆ ಇಷ್ಟೊಂದು? ಕೋಳಿ ತಿನ್ನುವುದು ಮುಸುಕಿನ ಜೋಳ, ಸೋಯಾ ಹಿಂಡಿ. ಕಾಳಿನ ರಂಜಕದ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿರುತ್ತದೆ. ಹಸುವಿನ ಹೊಟ್ಟೆಯ ಜೀವಾಣುಗಳು ಅದನ್ನು ಒಡೆಯುತ್ತವೆ, ಕೋಳಿಗೆ ಆ ಶಕ್ತಿ ತೀರಾ ಕಡಿಮೆ. ಅದಕ್ಕೇ ಫೀಡಿನಲ್ಲಿ ಬೇರೆ ರಂಜಕ ಸೇರಿಸುತ್ತಾರೆ. ಅರಗದ್ದೂ ಹೆಚ್ಚಾದದ್ದೂ ಎರಡೂ ಹಿಕ್ಕೆಗೆ ಬಂದು ಬೀಳುತ್ತವೆ.

ತಿಪ್ಪೆ ಹಳೆಯದಾದಷ್ಟೂ ಅದರ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಗುಡ್ಡೆ ಕುಗ್ಗುತ್ತದೆ, ರಂಜಕ ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ವರ್ಷಗಟ್ಟಲೆ ಬಿದ್ದ ಗೊಬ್ಬರದಲ್ಲಿ ಸಾರಜನಕಕ್ಕೆ ಹೋಲಿಸಿದರೆ ರಂಜಕವೇ ಮುಂದು. ಕುಳ್ಳು ತಟ್ಟಿ ಉರಿಸಿದರೂ ಅಷ್ಟೇ: ಸಾರಜನಕ ಹೊಗೆಯಾಗುತ್ತದೆ, ರಂಜಕ ಬೂದಿಯಲ್ಲಿ ಉಳಿಯುತ್ತದೆ. ಒಲೆ ಬೂದಿಯನ್ನು ತಿಪ್ಪೆಗೆ ಸುರಿಯುವ ಅಭ್ಯಾಸ ಸುಮ್ನೆ ಬಂದದ್ದಲ್ಲ.

ಜೀವಾಮೃತದ ಬಗ್ಗೆಯೂ ಕೇಳುತ್ತಾರೆ. ಎಕರೆಗೆ 10 ಕೆಜಿ ಸಗಣಿ, 2 ಕೆಜಿ ದ್ವಿದಳ ಹಿಟ್ಟು ಅಂದರೆ ರಂಜಕ ಸಿಗುವುದು ಗ್ರಾಂ ಲೆಕ್ಕದಲ್ಲಿ. ಜೀವಾಣುಗಳಿಗಾಗಿ ಬಳಸುವವರು ಬಳಸಲಿ. ಆದರೆ ಕೊರತೆ ಇರುವ ಹೊಲದಲ್ಲಿ ಅದನ್ನು ನಂಬಿ ರಂಜಕ ನಿಲ್ಲಿಸಬೇಡಿ.

ಲೋಡು ಅಂದರೆ ಎಷ್ಟು ಕೆಜಿ?

ಇಲ್ಲೇ ಲೆಕ್ಕ ಹಳಿ ತಪ್ಪುವುದು. ಟ್ರಾಲಿ ಚಿಕ್ಕದಿರಬಹುದು, ಗೊಬ್ಬರ ಹಸಿ ಇರಬಹುದು, ಅರ್ಧ ಮಣ್ಣೇ ಇರಬಹುದು. ವೇಬ್ರಿಜ್ ಹತ್ತಿರ ಇದ್ದರೆ ಒಮ್ಮೆ ಖಾಲಿ, ಒಮ್ಮೆ ತುಂಬಿದ ಟ್ರಾಲಿ ತೂಗಿಸಿ. ಒಮ್ಮೆ ಮಾಡಿದರೆ ಸಾಕು, ಆ ಟ್ರಾಲಿಯ ಅಂದಾಜು ಕೈಗೆ ಸಿಗುತ್ತದೆ. ಇಲ್ಲದಿದ್ದರೆ ಒಂದು ಮಂಕರಿ ತುಂಬಿ ತೂಗಿ, ಟ್ರಾಲಿಗೆ ಎಷ್ಟು ಮಂಕರಿ ಹಿಡಿಯಿತು ಅಂತ ಎಣಿಸಿ.

ಆಮೇಲೆ ತೇವ. ಕೋಳಿ ಗೊಬ್ಬರಕ್ಕೆ ಇದು ಬಹಳ ಮುಖ್ಯ. ಗುಡ್ಡೆಯ ನಾಲ್ಕೈದು ಕಡೆಯಿಂದ, ಮೇಲ್ಪದರ ಸರಿಸಿ ಒಳಗಿನಿಂದ, ಒಟ್ಟು ಒಂದು ಕೆಜಿ ತೆಗೆಯಿರಿ. ಹಳೇ ತಗಡಿನ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಡಿ. ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುವಷ್ಟು ಒಣಗಿದ ಮೇಲೆ ಮತ್ತೆ ತೂಗಿ. 400 ಗ್ರಾಂ ಉಳಿದರೆ, ನೀವು ಕೊಂಡ ಒಂದು ಟನ್ನಿನಲ್ಲಿ ಗೊಬ್ಬರ 400 ಕೆಜಿ, ಉಳಿದದ್ದು ನೀರು. ಮೊಟ್ಟೆ ಕೋಳಿಯ ಕೇಜ್ ಕೆಳಗಿನಿಂದ ಆಗಷ್ಟೇ ಎಳೆದ ಹಸಿ ಗೊಬ್ಬರದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಲೋಡಿನ ಲೆಕ್ಕದಲ್ಲಿ ದುಡ್ಡು ಕೊಡುವಾಗ ಇದು ನೆನಪಿರಲಿ. ಬ್ರಾಯ್ಲರ್ ಶೆಡ್ಡಿನದು ಭತ್ತದ ಹೊಟ್ಟು ಬೆರೆತು ಒಣಗಿರುತ್ತದೆ, ಅದರಲ್ಲಿ ಹೊಟ್ಟಿನ ತೂಕವೂ ಸೇರಿರುತ್ತದೆ.

ಈಗ ಕೂಡಿಸಿ ಕಳೆಯಿರಿ

ನೀರಾವರಿ ಮುಸುಕಿನ ಜೋಳ ತೆಗೆದುಕೊಳ್ಳೋಣ. ಶಿಫಾರಸು ಹೆಕ್ಟೇರಿಗೆ 150:75:40. ಎಕರೆಗೆ ಸಾರಜನಕ 60, ರಂಜಕ 30, ಪೊಟ್ಯಾಶ್ 16 ಕೆಜಿ. ಎರಡು ಟನ್ ಒಣ ಕೋಳಿ ಗೊಬ್ಬರ ಹಾಕಿದಿರಿ ಅನ್ನಿ. ರಂಜಕ 52 ಕೆಜಿ ಬಂತು. ಗೊಬ್ಬರದ ರಂಜಕದಲ್ಲಿ ಶೇ 60ರಷ್ಟನ್ನು ಮೊದಲ ಬೆಳೆಗೆ ಚೀಲದ ರಂಜಕಕ್ಕೆ ಸಮ ಅಂತ ಲೆಕ್ಕಕ್ಕೆ ಹಿಡಿಯಬಹುದು. ಅದು 31 ಕೆಜಿ. ಬೆಳೆಗೆ ಬೇಕಾದ 30 ಅಲ್ಲೇ ಮುಗಿಯಿತು. ಡಿಎಪಿ ಒಂದು ಕಾಳೂ ಬೇಡ.

ಸಾರಜನಕ? ಅದೇ ಗೊಬ್ಬರದಲ್ಲಿ ಶೇ 3, ಅಂದರೆ 60 ಕೆಜಿ ಇದ್ದರೂ ಈ ಬೆಳೆಗೆ ಅರ್ಧದಷ್ಟು ಸಿಕ್ಕರೆ ಹೆಚ್ಚು. ಉಳಿದ 30 ಕೆಜಿಗೆ ಸುಮಾರು 65 ಕೆಜಿ ಯೂರಿಯಾ, 45 ಕೆಜಿಯ ಚೀಲದ ಲೆಕ್ಕದಲ್ಲಿ ಒಂದೂವರೆ ಚೀಲ. ಹಾಗಲ್ಲದೆ ಸಾರಜನಕವನ್ನೂ ಕೋಳಿ ಗೊಬ್ಬರದಿಂದಲೇ ಪೂರ್ತಿ ಕೊಡುತ್ತೇನೆ ಅಂತ ಹೊರಟರೆ ನಾಲ್ಕು ಟನ್ ಬೇಕು. ಆಗ ರಂಜಕ 104 ಕೆಜಿ! ಎಕರೆಗೆ 25 ಕ್ವಿಂಟಲ್ ಜೋಳ ಬೆಳೆದರೆ ಕಾಳಿನ ಜತೆ ಹೊಲದಿಂದ ಹೊರಗೆ ಹೋಗುವುದು ಸುಮಾರು 16 ಕೆಜಿ. ಉಳಿದದ್ದು ವರ್ಷವರ್ಷವೂ ಅಲ್ಲೇ ಶೇಖರವಾಗುತ್ತದೆ. ಆದ್ದರಿಂದ ಗೊಬ್ಬರದ ಪ್ರಮಾಣವನ್ನು ರಂಜಕ ನೋಡಿ ನಿರ್ಧರಿಸಿ, ಕಡಿಮೆ ಬಿದ್ದ ಸಾರಜನಕವನ್ನು ಯೂರಿಯಾದಿಂದಲೋ ಹಿಂದಿನ ದ್ವಿದಳ ಬೆಳೆಯಿಂದಲೋ ತುಂಬಿ. ಈ ಲೇಖನದಲ್ಲಿ ಒಂದೇ ಒಂದು ಸಾಲಿಗೆ ಗೆರೆ ಎಳೆಯುವುದಾದರೆ ಇದಕ್ಕೇ ಎಳೆಯಿರಿ.

ಡಿಎಪಿ ಬಿಡಲು ಜನ ಹೆದರುವುದು ಒಂದು ಕಾರಣಕ್ಕೆ. ಹಾಕಿದ ಹೊಲದಲ್ಲಿ ಪೈರು ಹತ್ತು ಹದಿನೈದು ದಿನಕ್ಕೆ ಕಡುಹಸಿರಾಗಿ ಎದ್ದು ನಿಲ್ಲುತ್ತದೆ. ಆ ಹಸಿರಿಗೆ ಕಾರಣ ಹೆಚ್ಚಾಗಿ ಡಿಎಪಿಯಲ್ಲಿರುವ ಶೇ 18 ಸಾರಜನಕ. ಡಿಎಪಿ ಬಿಟ್ಟವರು ಬಿತ್ತನೆ ಹೊತ್ತಿಗೆ ಆ ಸಾರಜನಕಕ್ಕೆ ಬದಲಾಗಿ ಸ್ವಲ್ಪ ಯೂರಿಯಾ ಕೊಟ್ಟರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ನಂಬಿಕೆ ಬರದಿದ್ದರೆ ಹೊಲದ ನಡುವೆ ಆರು ಸಾಲಿಗೆ ಡಿಎಪಿ ಹಾಕಿ, ಪಕ್ಕದ ಆರು ಸಾಲಿಗೆ ಬಿಡಿ, ಗೂಟ ನೆಟ್ಟು ಗುರುತು ಮಾಡಿ. ಎರಡನ್ನೂ ಬೇರೆಬೇರೆ ಕೊಯ್ದು ತೂಗಿ ನೋಡಿ.

ಕೊಟ್ಟಿಗೆ ಗೊಬ್ಬರದವರು ಮಾತ್ರ ಇಷ್ಟು ಅವಸರ ಪಡಬಾರದು. ಮಳೆಯಾಶ್ರಿತ ರಾಗಿಗೆ ಎಕರೆಗೆ 16 ಕೆಜಿ ರಂಜಕ ಅಂತ ಶಿಫಾರಸು ಇದೆಯಲ್ಲ, ಅದು ಮೂರು ಟನ್ ಕೊಟ್ಟಿಗೆ ಗೊಬ್ಬರ ಹಾಕಿದ ಮೇಲೆ ಕೊಡಬೇಕಾದದ್ದು. ಅಂದರೆ ಆ ಗೊಬ್ಬರ ಶಿಫಾರಸಿನಲ್ಲಿ ಆಗಲೇ ಸೇರಿದೆ. ಅದನ್ನು ಮತ್ತೆ ಕಳೆಯಲು ಹೋಗಬೇಡಿ. ಅದಕ್ಕಿಂತ ಹೆಚ್ಚಿಗೆ ಹಾಕಿದ್ದರೆ ಆ ಹೆಚ್ಚಿನ ಪಾಲನ್ನಷ್ಟೇ ಕಳೆಯಿರಿ. ಅದೂ ಟನ್ನಿಗೆ ಒಂದು ಕೆಜಿ ಚಿಲ್ಲರೆ, ಅಷ್ಟೇ.

ಅಡಿಕೆ ತೋಟದವರಿಗೆ ಇನ್ನೊಂದು ಉದಾಹರಣೆ. ಮರಕ್ಕೆ ವರ್ಷಕ್ಕೆ 100:40:140 ಗ್ರಾಂ ಶಿಫಾರಸು, ಜತೆಗೆ ಕಾಂಪೋಸ್ಟ್, ಸೊಪ್ಪು. 40 ಗ್ರಾಂ ರಂಜಕಕ್ಕೆ 200 ಗ್ರಾಂ ಶಿಲಾರಂಜಕ, ಅಂದರೆ ರಾಕ್ ಫಾಸ್ಫೇಟ್, ಹಾಕುತ್ತಾರೆ. ಈಗ ಮರದ ಬುಡಕ್ಕೆ 5 ಕೆಜಿ ಒಣ ಕೋಳಿ ಗೊಬ್ಬರ ಸುರಿದಿರಿ ಅನ್ನಿ. ಅದರಲ್ಲೇ 130 ಗ್ರಾಂ ರಂಜಕ ಬಂತು, ಬೇಕಾದದ್ದರ ಮೂರು ಪಟ್ಟು. ಆ ವರ್ಷ ಶಿಲಾರಂಜಕದ ಚೀಲ ಅಂಗಡಿಯಲ್ಲೇ ಇರಲಿ.

ಹಾಕುವ ಬಗೆ

ಅರ್ಧ ಕೊಳೆತ ಗೊಬ್ಬರದಲ್ಲಿ ಹುಲ್ಲು, ಕಡ್ಡಿ ಜಾಸ್ತಿ ಇರುತ್ತದೆ. ಅದನ್ನು ಕೊಳೆಸಲು ಜೀವಾಣುಗಳಿಗೇ ರಂಜಕ, ಸಾರಜನಕ ಬೇಕು. ಮಣ್ಣಿನಲ್ಲಿ ಇರುವುದನ್ನೂ ಅವು ಎತ್ತಿಕೊಂಡು ಬೆಳೆಗೆ ಕೆಲವು ವಾರ ಕೊರತೆ ಮಾಡುತ್ತವೆ. ಹಿಡಿ ಗೊಬ್ಬರ ಹಿಸುಕಿ ನೋಡಿ. ಹುಲ್ಲಿನ ಎಳೆ ಎಳೆದರೆ ಪಟ್ಟಂತ ತುಂಡಾಗಬೇಕು, ವಾಸನೆ ಮಳೆ ಬಿದ್ದ ಮಣ್ಣಿನ ಹಾಗಿರಬೇಕು. ಮೂಗಿಗೆ ಘಾಟು ಹೊಡೆದರೆ ಇನ್ನೂ ಕಳಿತಿಲ್ಲ ಅಂತ ಅರ್ಥ. ಹಸಿ ಕೋಳಿ ಗೊಬ್ಬರವಂತೂ ಮೊಳಕೆಯನ್ನೇ ಸುಡುತ್ತದೆ. ಹುಲ್ಲು, ತರಗು ಸೇರಿಸಿ ಒಂದೂವರೆ ಎರಡು ತಿಂಗಳು ಗುಡ್ಡೆ ಹಾಕಿ, ನಡುನಡುವೆ ತಿರುವಿ, ಬಿತ್ತನೆಗೆ ಎರಡು ಮೂರು ವಾರ ಮೊದಲು ಹೊಲಕ್ಕೆ ತನ್ನಿ.

ರಂಜಕ ತಾನಾಗಿ ಬೇರಿನತ್ತ ಹೋಗುವುದಿಲ್ಲ, ನಾವೇ ಬೇರಿನ ಹತ್ತಿರ ಇಡಬೇಕು. ಹೊಲದಲ್ಲಿ ಚಿಕ್ಕಚಿಕ್ಕ ಗುಡ್ಡೆ ಇಳಿಸಿ ವಾರಗಟ್ಟಲೆ ಬಿಡುವ ಪದ್ಧತಿ ಇದೆಯಲ್ಲ, ಅದು ಎರಡು ರೀತಿಯಲ್ಲಿ ನಷ್ಟ. ಗುಡ್ಡೆ ಇದ್ದ ಕಡೆ ಮಾತ್ರ ಪೈರು ಸೊಕ್ಕುತ್ತದೆ, ಜೋರು ಮಳೆ ಬಂದರೆ ಕಂದು ನೀರಿನಲ್ಲಿ ಪೋಷಕಾಂಶ ಕೊಚ್ಚಿ ಹೋಗುತ್ತದೆ. ಇಳಿಸಿದ ದಿನವೇ ಹರಡಿ, ಕುಂಟೆ ಹೊಡೆದು ಮಣ್ಣಿಗೆ ಸೇರಿಸಿ. ಗೊಬ್ಬರ ಕಡಿಮೆ ಇದ್ದರೆ ಇಡೀ ಹೊಲಕ್ಕೆ ಎರಚದೆ ಬಿತ್ತುವ ಸಾಲಿಗೆ ಮಾತ್ರ ಹಾಕಿ. ಕುರಿ ಮಂದೆ ನಿಲ್ಲಿಸುವವರು ಮಂದೆಯ ಜಾಗವನ್ನು ರಾತ್ರಿಗೊಮ್ಮೆ ಬದಲಿಸಿ, ಎದ್ದ ಮೇಲೆ ಬೇಗ ಉಳುಮೆ ಮಾಡಿಬಿಡಿ.

ಹುಳಿ ಮಣ್ಣಿಗೆ ಸುಣ್ಣ ಹಾಕುವುದಿದ್ದರೆ ಗೊಬ್ಬರದ ಜತೆ ಒಂದೇ ದಿನ ಬೆರೆಸಬೇಡಿ, ಅಮೋನಿಯಾ ಹಾರುತ್ತದೆ. ಸುಣ್ಣ ಮೊದಲು, ಎರಡು ಮೂರು ವಾರ ಬಿಟ್ಟು ಗೊಬ್ಬರ.

ರಂಜಕ ಕಡಿಮೆ ಇರುವ ಹೊಲಕ್ಕೆ

ಇಂಥ ಕಡೆ ಚೀಲ ಬಿಡುವ ಮಾತೇ ಬೇಡ, ಅದನ್ನು ಗೊಬ್ಬರದೊಳಗೆ ಸೇರಿಸಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಮಳೆಯಾಶ್ರಿತ ಬೆಳೆಗಳಿಗೆ ಹೇಳುವ ಒಂದು ವಿಧಾನ ನಮ್ಮ ಒಣಭೂಮಿಗೂ ಚೆನ್ನಾಗಿ ಹೊಂದುತ್ತದೆ. ಎಕರೆಗೆ 300 ಕೆಜಿ ಪುಡಿ ಕೊಟ್ಟಿಗೆ ಗೊಬ್ಬರಕ್ಕೆ ಬೆಳೆಗೆ ಬೇಕಾದ ಅಷ್ಟೂ ಸೂಪರ್ ಫಾಸ್ಫೇಟ್ ಬೆರೆಸಿ, ಉಂಡೆ ಕಟ್ಟಿದರೆ ನಿಲ್ಲುವಷ್ಟು ತೇವ ಮಾಡಿ, ನೆರಳಿನಲ್ಲಿ ಒಂದು ತಿಂಗಳು ಮುಚ್ಚಿಡಿ. ಆಮೇಲೆ ಸಾಲಿಗೆ ಹಾಕಿ. ರಾಗಿಯ 16 ಕೆಜಿ ರಂಜಕಕ್ಕೆ ಶೇ 16ರ ಸೂಪರ್ ಎರಡು ಚೀಲ ಬೇಕಾಗುತ್ತದೆ. ಅದರ ಜತೆ ಗಂಧಕವೂ ಬರುತ್ತದೆ, ನೆಲಗಡಲೆಗೆ ಅದು ಒಳ್ಳೆಯದೇ.

ಶಿಲಾರಂಜಕ ಮಾತ್ರ ಮಣ್ಣು ನೋಡಿ ಕೊಳ್ಳಿ. ಅದು ಹುಳಿಯಲ್ಲಿ ಕರಗುವ ವಸ್ತು. ಮಲೆನಾಡಿಗೆ ಸರಿ. ಎರೆಭೂಮಿಗೆ ನೇರವಾಗಿ ಎರಚಿದರೆ ಕಲ್ಲುಪುಡಿ ಎರಚಿದಂತೆಯೇ, ದುಡ್ಡು ದಂಡ. ಅಲ್ಲಿ ಹಾಕಲೇಬೇಕಿದ್ದರೆ ತಿಪ್ಪೆಗೆ ಹಾಕಿ, ಕೊಳೆಯುವಾಗ ಸ್ವಲ್ಪವಾದರೂ ಕರಗಲಿ. ರಂಜಕ ಕರಗಿಸುವ ಜೀವಾಣು ಗೊಬ್ಬರ ಬಳಸುವವರು ಪೊಟ್ಟಣದ ತಯಾರಿಕೆ ದಿನಾಂಕ ನೋಡಿ. ಬಿಸಿಲಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಪೊಟ್ಟಣದಲ್ಲಿ ಬದುಕಿರುವುದು ಕಡಿಮೆ.

ರಂಜಕ ಜಾಸ್ತಿ ಆಗಿಬಿಟ್ಟಿದ್ದರೆ

ವರ್ಷಕ್ಕೆರಡು ಮೂರು ಬೆಳೆ ತೆಗೆದು, ಪ್ರತಿ ಬೆಳೆಗೂ ಕೋಳಿ ಗೊಬ್ಬರ ಮತ್ತು ಡಿಎಪಿ ಎರಡನ್ನೂ ಹಾಕುವ ತರಕಾರಿ, ಶುಂಠಿ ಹೊಲಗಳಲ್ಲಿ ರಂಜಕ ಮಿತಿ ದಾಟುವುದು ಸಹಜ. ವರದಿಯಲ್ಲಿ ಹೆಕ್ಟೇರಿಗೆ 140 ಅಂತ ಬಂದರೆ ಸಂತೋಷ ಪಡಬೇಡಿ. 57 ದಾಟಿದ ಮೇಲೆ ಅದರಿಂದ ಇಳುವರಿಗೆ ಹೆಚ್ಚೇನೂ ಸೇರುವುದಿಲ್ಲ, ತೊಂದರೆ ಮಾತ್ರ ಸೇರುತ್ತದೆ.

ಮೊದಲ ಪೆಟ್ಟು ಸತುವಿಗೆ, ಅಂದರೆ ಜಿಂಕ್‌ಗೆ: ರಂಜಕ ಅತಿಯಾದರೆ ಗಿಡಕ್ಕೆ ಸತು ಸಿಗುವುದು ಕಡಿಮೆಯಾಗುತ್ತದೆ. ಮುಸುಕಿನ ಜೋಳದ ಎಳೆ ಎಲೆಯಲ್ಲಿ ನಡುನರದ ಎರಡೂ ಪಕ್ಕ ಬಿಳಿ ಪಟ್ಟೆ ಕಂಡರೆ ಅದು ಸತುವಿನ ಕೊರತೆ ಇರಬಹುದು, ಇನ್ನೊಂದು ಚೀಲ ಡಿಎಪಿ ತರುವ ಮೊದಲು ಯೋಚಿಸಿ. ರಂಜಕದ ಕೊರತೆ ಬೇರೆ ಥರ ಇರುತ್ತದೆ: ಎಳೆ ಪೈರಿನ ಕೆಳಗಿನ ಎಲೆಗಳ ಅಂಚು ನೇರಳೆಯಾಗುತ್ತದೆ, ಗಿಡ ಗಿಡ್ಡಕ್ಕೆ ನಿಲ್ಲುತ್ತದೆ. ಸತುವಿನ ಕೊರತೆ ಪರೀಕ್ಷೆಯಲ್ಲೂ ಕಂಡರೆ ಜಿಂಕ್ ಸಲ್ಫೇಟ್ ಎಕರೆಗೆ 10 ಕೆಜಿವರೆಗೆ ಹಾಕುವುದುಂಟು. ಅದನ್ನು ಡಿಎಪಿ ಜತೆ ಬೆರೆಸಬೇಡಿ, ಎರಡೂ ಸೇರಿ ಗಟ್ಟಿಯಾಗುತ್ತವೆ. ಒಂದಷ್ಟು ಪುಡಿ ಗೊಬ್ಬರದಲ್ಲಿ ಕಲಸಿ ಬೇರೆ ದಿನ ಹಾಕಿ. ರಂಜಕ ಅತಿಯಾದ ಕಡೆ ಬೇರಿಗೆ ಅಂಟಿ ದುಡಿಯುವ ಮೈಕೋರೈಜಾ ಶಿಲೀಂಧ್ರಗಳೂ ಕಡಿಮೆಯಾಗುತ್ತವೆ.

ಎರಡನೆಯ ಪೆಟ್ಟು ಕೆರೆಗೆ. ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ, ಮಣ್ಣು ಕೊಚ್ಚಿದರೆ ಅದೂ ಕೊಚ್ಚುತ್ತದೆ. ಕೆರೆ ಹಸಿರಾಗುವುದು, ಅಂತರಗಂಗೆ ಮುಚ್ಚಿಕೊಳ್ಳುವುದು ಚರಂಡಿ ನೀರಿನಿಂದ ಮಾತ್ರ ಅಲ್ಲ, ಹೊಲದ ಪಾಲೂ ಇದೆ. ಬದು ಗಟ್ಟಿ ಇರಲಿ, ಬದುವಿನ ಮೇಲೆ ಹುಲ್ಲಿರಲಿ. ಹೂಳು ತೆಗೆದಾಗ ಕೆರೆ ಗೋಡು ಸಿಕ್ಕರೆ ಬಿಡಬೇಡಿ, ಹೊಲದಿಂದ ಹೋದದ್ದರಲ್ಲಿ ಒಂದಿಷ್ಟು ಹಾಗಾದರೂ ವಾಪಸ್ ಬರುತ್ತದೆ.

ಇಂಥ ಹೊಲಕ್ಕೆ ಕೋಳಿ ಗೊಬ್ಬರವನ್ನೂ ಡಿಎಪಿಯನ್ನೂ ಎರಡು ಮೂರು ವರ್ಷ ನಿಲ್ಲಿಸಿ. ಯೂರಿಯಾ, ಪೊಟ್ಯಾಶ್ ಬೆಳೆಗೆ ತಕ್ಕಂತೆ ನಡೆಯಲಿ. ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿದರೆ ಸಾವಯವ ಅಂಶವೂ ಉಳಿಯುತ್ತದೆ, ಸಾರಜನಕವೂ ಬರುತ್ತದೆ, ಹೊರಗಿನ ರಂಜಕ ಸೇರುವುದಿಲ್ಲ. ಅಂಕಿ ಒಂದೇ ವರ್ಷಕ್ಕೆ ಇಳಿಯುವುದಿಲ್ಲ, ನಿಧಾನ.

ಹಾಗಾದರೆ ಮನೆಯ ಗೊಬ್ಬರ ಎಲ್ಲಿ ಹಾಕುವುದು? ದೂರದ ಹೊಲಕ್ಕೆ. ಎಲ್ಲ ಊರಲ್ಲೂ ತಿಪ್ಪೆಗೆ ಹತ್ತಿರದ ಹೊಲಕ್ಕೇ ಗೊಬ್ಬರ ಹೆಚ್ಚು ಬೀಳುತ್ತದೆ, ಗುಡ್ಡದ ಪಕ್ಕದ ತುಂಡಿಗೆ ಗಾಡಿ ಹೋಗುವುದೇ ಅಪರೂಪ. ಎರಡು ಹೊಲದ ಮಣ್ಣನ್ನೂ ಬೇರೆಬೇರೆ ಚೀಲದಲ್ಲಿ ಪರೀಕ್ಷೆಗೆ ಕಳಿಸಿ, ಚೀಟಿಯ ಮೇಲೆ ಸರ್ವೆ ನಂಬರ್ ಬರೆಯುವುದು ಮರೆಯಬೇಡಿ. ಅಂಕಿ ಕಡಿಮೆ ಇರುವ ತುಂಡಿಗೆ ಈ ಸಲದ ಟ್ರಾಲಿ ಹೋಗಲಿ. ಮೂರು ವರ್ಷ ಬಿಟ್ಟು, ಅದೇ ತಿಂಗಳಲ್ಲಿ, ಅದೇ ಪ್ರಯೋಗಾಲಯಕ್ಕೆ ಮತ್ತೆ ಮಣ್ಣು ಕೊಡಿ.